ಅಂತೆ ಮೇಡಂ ಎಂ.ಎ. ಮಾಡಿದ್ದು

ಹಸಿವು ತಮ್ಮ ಹೊಟ್ಟೆಯಲ್ಲಿಯೇ ಹುಟ್ಟಿದ್ದರೂ ಅದನ್ನು ಪಕ್ಕದ ಮನೆಯ ಸುದ್ದಿ ತಿಳಿಸುವವರ ಹಾಗೆ “ಹಸಿವಾಗಿದೆಯಂತೆ” ಎಂದು ಹೇಳುವವರನ್ನು ನನ್ನ ಆಯುಷ್ಯದಲ್ಲಿ ನಾನು ಒಬ್ಬರನ್ನೇ ಕಂಡಿದ್ದೇನೆ. ತಲೆ ಸಿಡಿಯುತ್ತಿದ್ದರೆ “ತಲೆನೋವಂತೆ”, ಟೀ ಬೇಕಾದರೆ “ಟೀ ಕುಡೀಬಹುದಂತೆ”. ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಬಾಗಿಲಲ್ಲಿ ನಿಂತು, ಕೋಟಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿರುವಾಗಲೂ “ಹೊರಗೆ ಮಳೆಯಂತೆ” ಎಂಬುದೇ ಅವರ ವರದಿ. ಸಂಜೆ ಕಾಲೇಜಿನ ರಾಜ್ಯಶಾಸ್ತ್ರದ ಎಂ.ಎ. ತರಗತಿಯಲ್ಲಿ ನಾವು ಅವರಿಗೆ ಅಂತೆ ಮೇಡಂ ಎಂದು ಹೆಸರಿಟ್ಟೆವು. ನಾವು ಎನ್ನುವುದು ಸೌಜನ್ಯಕ್ಕೆ, ಇಟ್ಟವನು ನಾನೇ. ಆ ಹೆಸರು ಕಿವಿಗೆ ಬಿದ್ದಾಗ ಅವರು ಸಿಟ್ಟಾಗಲಿಲ್ಲ. “ನನಗೆ ಹಾಗೆ ಹೆಸರಂತೆ” ಎಂದು ಪಕ್ಕದವರಿಗೆ ತಿಳಿಸಿ ಪುಸ್ತಕ ತೆರೆದರು.

ನಾನು ಭಾಷೆಯ ಮೇಷ್ಟ್ರು, ಮಕ್ಕಳಿಗೆ ವ್ಯಾಕರಣ ಕಲಿಸಿ ಅನ್ನ ತಿನ್ನುವವನು. ಈ ಅಂತೆಯ ಮೇಲೆ ನನ್ನ ಕಣ್ಣು ಬಿದ್ದದ್ದು ಸಹಜ. ನಮ್ಮ ನುಡಿಯಲ್ಲಿ ಈ ಪುಟ್ಟ ಪದ ಮೂರು ಮನೆಗಳಲ್ಲಿ ಚಾಕರಿ ಮಾಡುತ್ತದೆ. ಕಣ್ಣಾರೆ ಕಂಡಿಲ್ಲ, ಕಿವಿಯಾರೆ ಕೇಳಿದ್ದು ಎಂದು ಹೊಣೆ ಕಳಚಿಕೊಳ್ಳುವಾಗ ಬರುವುದು ಒಂದು ಅಂತೆ. ಒಂದು ಇನ್ನೊಂದರ ಹಾಗಿದೆ ಎನ್ನುವಾಗ, ಹಾಲಿನಂತೆ ಬಿಳುಪು, ಜೇನಿನಂತೆ ಸಿಹಿ ಎಂದು ಬರುವುದು ಎರಡನೆಯದು. ಮೂರನೆಯದನ್ನು ವ್ಯಾಕರಣದ ಪುಸ್ತಕಗಳಿಗಿಂತ ತಾಯಂದಿರು ಚೆನ್ನಾಗಿ ಬಲ್ಲರು: ಹಟ ಹಿಡಿದ ಮಗುವಿಗೆ “ನಾಳೆ ಹೋಗೋಣಂತೆ, ಆಮೇಲೆ ಆಡುವಿಯಂತೆ” ಎಂದು ನಯವಾಗಿ ಮುಂದೂಡುವ ಅಂತೆ ಅದು. ಈ ಹೆಂಗಸಿನ ಬದುಕು ಈ ಮೂರರ ಒಳಗೇ ನಡೆದು ಬಂದಿತ್ತೆಂದು ನನಗೆ ಆಮೇಲೆ ತಿಳಿಯಿತು. ಬೇರೆಯವರು ಹೇಳಿದ್ದನ್ನು ಬರೆಯುವುದು ಅವರ ಉದ್ಯೋಗ. ಅಮ್ಮನಂತೆ, ಅಜ್ಜಿಯಂತೆ ತಗ್ಗಿ ಬಗ್ಗಿ ಇರಬೇಕೆಂಬುದು ಮನೆಯ ನಿರೀಕ್ಷೆ. ತನಗೆ ಬೇಕಾದದ್ದನ್ನೆಲ್ಲ ನಾಳೆಗೆ ಎತ್ತಿಡುವುದು ಅವರೇ ರೂಢಿಸಿಕೊಂಡದ್ದು.

ಅವರು ನಗರಸಭೆಯಲ್ಲಿ ಶೀಘ್ರಲಿಪಿಗಾರ್ತಿ. ಅಧ್ಯಕ್ಷರ ಎತ್ತರದ ಪೀಠದ ಬುಡದಲ್ಲಿ ಒಂದು ಪುಟ್ಟ ಮೇಜು ಇರುತ್ತದೆ. ಸುತ್ತ ಕೂತ ಸದಸ್ಯರು ಕೂಗಾಡಲಿ, ಪಿಸುಗುಟ್ಟಲಿ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳಲಿ, ಅದೆಲ್ಲವನ್ನೂ ಕೊಕ್ಕೆ ಗೆರೆಗಳಲ್ಲಿ ಹಿಡಿದುಕೊಂಡು, ಆಮೇಲೆ ಬಿಡಿಸಿ ಬರೆದು, ಸಭೆಯ ನಡವಳಿ ಮಾಡುವುದು ಆ ಮೇಜಿನಲ್ಲಿ ಕೂತವರ ಕೆಲಸ. ಒಬ್ಬರೇ ಬಹಳ ಹೊತ್ತು ಬರೆದರೆ ಕೈ ಸೋಲುತ್ತದೆಂದು ಸರದಿಯ ಮೇಲೆ ಬದಲಾಗುತ್ತಾರೆ. ಮಾತನಾಡುವವರಿಗೆ ಗೊತ್ತಾಗದ ಹಾಗೆ ಒಬ್ಬರು ಏಳಬೇಕು, ಇನ್ನೊಬ್ಬರು ಕೂರಬೇಕು. ಕುರ್ಚಿ ಕಿರುಗುಟ್ಟಬಾರದು, ಚಪ್ಪಲಿ ಸದ್ದು ಮಾಡಬಾರದು. ಈ ವಿದ್ಯೆ ಅವರ ಮೈಗೆ ಎಷ್ಟು ಅಂಟಿಕೊಂಡಿತ್ತೆಂದರೆ, ಅಗಲವಾದ ಖಾಲಿ ರಸ್ತೆಯಲ್ಲಿಯೂ ಅವರು ಗೋಡೆಯನ್ನು ಸವರಿಕೊಂಡೇ ನಡೆಯುತ್ತಿದ್ದರು, ಪಾದದ ಹೊರ ಅಂಚನ್ನು ಮೊದಲು ಊರಿ, ನೆಲವನ್ನು ಎಬ್ಬಿಸಬಾರದೆಂಬ ಹಾಗೆ. ತರಗತಿಯಲ್ಲಿ ಹಾಜರಿ ಕೂಗುವಾಗ “ಬಂದಿಲ್ಲ” ಎಂದು ನಾವು ಹೇಳುವಷ್ಟರಲ್ಲಿ ಅವರು ನಮ್ಮ ಹಿಂದಿನ ಬೆಂಚಿನಲ್ಲೇ ಕೂತಿರುತ್ತಿದ್ದರು.

ಕೋಟಿನ ವಿಷಯ ಹೇಳದೆ ಅವರ ಚಿತ್ರ ಮುಗಿಯದು. ಸಭಾಂಗಣದ ತಂಪು ಯಂತ್ರಕ್ಕೆ ಹೆದರಿ ಎಂದೋ ಹೊಲಿಸಿಕೊಂಡ ಕಂದು ಬಣ್ಣದ ಕೋಟು ಅದು. ಬಿಸಿಲಿನಲ್ಲಿ ನಾವೆಲ್ಲ ಬೆಂದ ಗೆಣಸಾಗಿರುವಾಗಲೂ ಅದರ ಗುಂಡಿಗಳು ಕತ್ತಿನವರೆಗೆ ಹಾಕಿಯೇ ಇರುತ್ತಿದ್ದವು. ಅದರ ಬಲಜೇಬಿನಲ್ಲಿ ಸೂಜಿಯಂತೆ ಚೂಪು ಮಾಡಿದ ಪೆನ್ಸಿಲುಗಳು. ಅವು ಚುಚ್ಚಿ ಚುಚ್ಚಿ ಜೇಬು ತೂತಾಗಿ, ತೂತಿಗೆ ಹೊಲಿಗೆ ಹಾಕಿ ಹಾಕಿ, ಕೊನೆಗೆ ಬಟ್ಟೆಗಿಂತ ದಾರವೇ ಹೆಚ್ಚಾಗಿತ್ತು. ಪೆನ್ಸಿಲು ಕೈಯಲ್ಲಿ ಇಲ್ಲದಿದ್ದರೂ ಅವರ ತೋರುಬೆರಳು ಸುಮ್ಮನಿರುತ್ತಿರಲಿಲ್ಲ. ಎದುರಿಗಿದ್ದವರು ಮಾತನಾಡಿದರೆ ಸಾಕು, ಅದು ಮೊಣಕಾಲಿನ ಮೇಲೋ ಮೇಜಿನ ಅಂಚಿನಲ್ಲೋ ಟೀ ಲೋಟದ ಮೈಮೇಲೋ ಸಣ್ಣಗೆ ಓಡಾಡುತ್ತಿತ್ತು. ನಾನು ಒಮ್ಮೆ ನನ್ನ ಸಂಸಾರದ ತಾಪತ್ರಯವನ್ನೆಲ್ಲ ಅವರ ಮುಂದೆ ತೋಡಿಕೊಂಡು ಹಗುರಾದೆ ಎನ್ನುವಷ್ಟರಲ್ಲಿ ಆ ಬೆರಳನ್ನು ನೋಡಿ, ನನ್ನ ಗೋಳೆಲ್ಲ ನಡವಳಿಗೆ ಸೇರಿಹೋಯಿತಲ್ಲ ಎಂದು ನಾಚಿದ್ದುಂಟು.

ಎಂ.ಎ. ಯಾಕೆ ಎಂದು ಆ ವಯಸ್ಸಿನಲ್ಲಿ ಸೇರಿದವರನ್ನೆಲ್ಲ ಜನ ಕೇಳುತ್ತಾರೆ. ನನ್ನನ್ನು ನನ್ನ ಹೆಂಡತಿ ಕೇಳಿದಳು: “ಮನೆ ರಾಜಕೀಯಾನೇ ತಿಳಿಯಲ್ಲ ನಿಮಗೆ, ರಾಜ್ಯದ್ದು ತಗೊಂಡು ಏನ್ಮಾಡ್ತೀರಿ?” ಎಂ.ಎ. ಎಂದರೆ ಮತ್ತೆ ಅಭ್ಯಾಸ ಎಂದು ನಾನು ಮಾತು ಹಾರಿಸಿದೆ. ಅಂತೆ ಮೇಡಂ ಅವರನ್ನು ನಾನೇ ಕೇಳಿದೆ. ಪ್ರವೇಶ ಪರೀಕ್ಷೆಗೆ ಓದಿಕೊಳ್ಳಲು ಸಾರ್ವಜನಿಕ ವಾಚನಾಲಯದ ಒಂದೇ ಮೇಜಿಗೆ ನಾವಿಬ್ಬರೂ ಬರುತ್ತಿದ್ದ ಕಾಲ ಅದು. ಅವರು ಪುಸ್ತಕದಿಂದ ತಲೆ ಎತ್ತದೆ, ಬಹಳ ಹೊತ್ತಾದ ಮೇಲೆ, ನಾನು ಪ್ರಶ್ನೆಯನ್ನೇ ಮರೆತಾಗ ಹೇಳಿದರು: “ಇಷ್ಟು ವರ್ಷ ಬರೆದಿದ್ದು ಏನು ಅಂತ ತಿಳ್ಕೋಬೇಕಂತೆ, ಮೇಷ್ಟ್ರೇ.” ಯಾರಿಗೆ ತಿಳಿಯಬೇಕಂತೆ ಎಂದು ನಾನು ಕೆಣಕಿದೆ. ಅವರು ನಕ್ಕು ಪುಟ ತಿರುವಿದರು. ಆ ನಗುವಿನಲ್ಲಿ ಒಂದು ಹಸಿವು ಇತ್ತು. ಅದು ಸುದ್ದಿಯ ಹಸಿವಲ್ಲವೆಂದು ನನಗೆ ಆಗಲೇ ಅನ್ನಿಸಿತು.

ಓದುವ ಕ್ರಮವೂ ಅವರದು ಬೇರೆ. ನಾವು ಪುಸ್ತಕದ ಸಾಲುಗಳಿಗೆ ಅಡಿಗೆರೆ ಎಳೆದು, ಉರುಹೊಡೆದು, ಮರುದಿನ ಮರೆಯುವವರು. ಅವರು ಪ್ರತಿ ಅಧ್ಯಾಯವನ್ನೂ ಸಭೆಯಲ್ಲಿ ನಡೆದ ಭಾಷಣವೆಂದು ತಿಳಿದು ಶೀಘ್ರಲಿಪಿಯಲ್ಲಿ ಇಳಿಸಿ, ಪುಸ್ತಕ ಮುಚ್ಚಿ, ಅದನ್ನು ಬಿಡಿಸಿ ಓದುತ್ತಿದ್ದರು. ಸಾರ್ವಭೌಮತ್ವ, ಪ್ರಾತಿನಿಧ್ಯ, ಸಾಮಾಜಿಕ ಒಪ್ಪಂದ, ಅಧಿಕಾರಗಳ ಪ್ರತ್ಯೇಕತೆ ಎಂಬ ನಮ್ಮ ಬಾಯಲ್ಲಿ ಹೊರಳದ ಗಜಗಾತ್ರದ ಮಾತುಗಳೆಲ್ಲ ಅವರ ಹಾಳೆಯ ಮೇಲೆ ಇರುವೆಯ ಸಾಲಾಗಿ ಹೋಗುತ್ತಿದ್ದವು. ಪ್ರವೇಶ ಪರೀಕ್ಷೆಯಲ್ಲಿ ಅವರ ಹೆಸರು ನನ್ನದಕ್ಕಿಂತ ಮೇಲಿತ್ತು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು.

ನಮಗೆ ರಾಜಕೀಯ ಚಿಂತನೆಯನ್ನು ಕಲಿಸುತ್ತಿದ್ದ ಪ್ರಾಧ್ಯಾಪಕರು ಅವರಿಗೆ ನೇರ ವಿರುದ್ಧ ದಿಕ್ಕಿನವರು. ತೆಳ್ಳಗೆ, ಎತ್ತರಕ್ಕೆ, ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಮುಂದಕ್ಕೆ ಬಾಗಿ ನಿಲ್ಲುವ ಅವರು ತಮ್ಮ ಮಾತನ್ನೆಲ್ಲ ‘ಆದರೆ’ ಎಂದೇ ಆರಂಭಿಸುತ್ತಿದ್ದರು. ಎದುರಿನವರು ಏನೂ ಹೇಳದಿದ್ದರೂ ಆದರೆ. ತರಗತಿಗೆ ಬಂದವರೇ ಕನ್ನಡಕ ಒರೆಸಿಕೊಂಡು “ಆದರೆ, ನಿನ್ನೆ ಎಲ್ಲಿಗೆ ನಿಲ್ಲಿಸಿದ್ವಿ?” ಎನ್ನುತ್ತಿದ್ದರು. ಅವರಿಗೆ ಆದರೆ ಸಾರ್ ಎಂಬ ಹೆಸರು ನಮಗಿಂತ ಹಿಂದಿನ ತಂಡದವರು ಇಟ್ಟು ಹೋಗಿದ್ದರು. ಅಂತೆಗೂ ಆದರೆಗೂ ಮೊದಲ ವರ್ಷ ಮುಖಾಮುಖಿಯಾದದ್ದು ಪರೀಕ್ಷೆಯಲ್ಲಿ, ಅದೂ ಈ ಲೋಕದಲ್ಲಿ ಇನ್ನಾರೂ ಮಾಡಲಾರದ ಒಂದು ತಪ್ಪಿನಿಂದ.

ಆ ದಿನದ ಪ್ರಶ್ನೆಪತ್ರಿಕೆ ಉದ್ದವಿತ್ತು. ಕೊನೆಯ ಪ್ರಶ್ನೆಗೆ ಬರುವಾಗ ಹೊತ್ತು ಮೀರುತ್ತಿತ್ತು. ಮೇಲ್ವಿಚಾರಕರು “ಇನ್ನು ಸ್ವಲ್ಪವೇ ಸಮಯ” ಎಂದು ಕೂಗಿದರು. ಸಭೆಯಲ್ಲಿ ಅಧ್ಯಕ್ಷರು ಹಾಗೆ ಗದರಿದಾಗ ಸದಸ್ಯರು ರೈಲುಗಾಡಿಯ ವೇಗದಲ್ಲಿ ಮಾತನಾಡತೊಡಗುತ್ತಾರೆ, ಅವರ ಹಿಂದೆ ಇವರ ಕೈ ಓಡುತ್ತದೆ. ಆ ಅಭ್ಯಾಸಬಲದಿಂದ ಅಂತೆ ಮೇಡಂ ಅವರ ಕೈ ತನಗೇ ತಿಳಿಯದೆ ಶೀಘ್ರಲಿಪಿಗೆ ಜಾರಿತು. ಅತ್ಯಂತ ದೊಡ್ಡ ಪ್ರಶ್ನೆಗೆ ಅತ್ಯಂತ ದೀರ್ಘ ಉತ್ತರವನ್ನು ಅವರು ಒಂದೂ ಅಕ್ಷರವಿಲ್ಲದೆ ಬರೆದು ಮಡಿಸಿ ಕೊಟ್ಟು ಬಂದರು. ಫಲಿತಾಂಶದ ದಿನ ಆದರೆ ಸಾರ್ ತಮ್ಮ ಕೊಠಡಿಗೆ ಅವರನ್ನು ಕರೆಸಿದರು. ಧೈರ್ಯಕ್ಕೆಂದು ನಾನೂ ಹೋದೆ.

“ಆದರೆ, ಇದೇನಮ್ಮಾ ಇದು? ಹುಳ ಹರಿದಾಡಿದ ಹಾಗಿದೆ.”

ಅಂತೆ ಮೇಡಂ ಹಾಳೆಯನ್ನು ಕೈಗೆ ತೆಗೆದುಕೊಂಡು ನೋಡಿದರು. ಮುಖ ಬಿಳಿಚಿಕೊಂಡಿತು. ಓದಿ ಎಂದರು ಪ್ರಾಧ್ಯಾಪಕರು. ಅವರು ನಿಂತಲ್ಲೇ, ಸರಾಗವಾಗಿ, ಉಸಿರು ತಡೆಯದೆ ಓದಿದರು. ಚಿಂತಕರು ಒಬ್ಬರ ಹಿಂದೆ ಒಬ್ಬರು ಬಂದು ತಮ್ಮ ಮಾತು ಹೇಳಿ ಹೋದರು. ಓದು ಮುಗಿದಾಗ ಪ್ರಾಧ್ಯಾಪಕರು ಬಹಳ ಹೊತ್ತು ಕನ್ನಡಕ ಒರೆಸಿದರು. ಉತ್ತರ ಸರಿಯಾಗಿದೆ, ಆದರೆ ಓದಲಾಗದ ಲಿಪಿಗೆ ಅಂಕ ಕೊಡುವ ನಿಯಮವಿಲ್ಲ ಎಂದರು. ಆಮೇಲೆ ಇನ್ನೊಂದು ಆದರೆ: “ಅಂಕ ಕೊಡಬಹುದಾಗಿದ್ರೂ ಪೂರ್ತಿ ಕೊಡ್ತಿರಲಿಲ್ಲ. ಪ್ರಶ್ನೆ ಕೇಳಿದ್ದು ವಿಮರ್ಶಿಸಿ ಅಂತ. ನೀವು ಎಲ್ಲರೂ ಹೇಳಿದ್ದನ್ನ ಹೇಳಿದ್ರಿ. ನೀವೇನು ಹೇಳ್ತೀರಿ?”

“ನಾನು ಹೇಳಬಾರದಂತೆ, ಸಾರ್.”

“ಯಾರಂತೆ ಹಾಗೆ ಹೇಳಿದ್ದು?”

ಅವರು ಹಾಳೆಯ ಕಡೆ ನೋಡುತ್ತಲೇ ಹೇಳಿದರು. ಕೆಲಸಕ್ಕೆ ಸೇರಿದ ದಿನ ಹಿರಿಯ ವರದಿಗಾರರು ಹೇಳಿಕೊಟ್ಟ ಮೊದಲ ಪಾಠ ಅದಂತೆ: ನಡವಳಿಯಲ್ಲಿ ಎಲ್ಲರೂ ಇರಬೇಕು, ಬರೆಯುವವಳು ಮಾತ್ರ ಇರಬಾರದು. ಆ ಪತ್ರಿಕೆಯಲ್ಲಿ ಅವರು ನಪಾಸಾದರು. ನಿಯಮ ಅಂದ ಮೇಲೆ ನಿಯಮ ಎಂದು ಅದನ್ನು ಒಪ್ಪಿಕೊಂಡು, ಮುಂದಿನ ಸಲ ಮತ್ತೆ ಕೂತು, ಈ ಸಾರಿ ಒಂದೊಂದು ಅಕ್ಷರವನ್ನೂ ಒಂದನೇ ತರಗತಿಯ ಮಗುವಿನ ಹಾಗೆ ದುಂಡಗೆ ಬರೆದು ಪಾಸಾದರು.

ಎರಡನೆಯ ವರ್ಷ ಪ್ರತಿಯೊಬ್ಬರೂ ಒಂದು ಸಂಶೋಧನಾ ಪ್ರಬಂಧ ಬರೆದು, ಅದರ ಮೇಲೆ ಮೌಖಿಕ ಪರೀಕ್ಷೆ ಎದುರಿಸಬೇಕು. ಅದಿಲ್ಲದೆ ಪದವಿಯಿಲ್ಲ. ನಾನು ಯಾವುದೋ ದೂರದ ಸಾಮ್ರಾಜ್ಯದ ಪತನವನ್ನು ಆರಿಸಿಕೊಂಡೆ. ಸತ್ತವರು ಜಗಳಕ್ಕೆ ಬರುವುದಿಲ್ಲವೆಂಬ ಧೈರ್ಯ. ಅಂತೆ ಮೇಡಂ ಅವರಿಗೆ ಆದರೆ ಸಾರ್ ಹೇಳಿದರು, ನೀವು ಕೂತಲ್ಲಿಂದಲೇ ಕಾಣುವ ವಿಷಯ ತೆಗೆದುಕೊಳ್ಳಿ ಎಂದು. ಹಾಗೆ ಅವರು ತೆಗೆದುಕೊಂಡದ್ದು ಧ್ವನಿಮತವನ್ನು.

ಧ್ವನಿಮತವೆಂದರೆ ಇಷ್ಟೇ. ಸಭೆಯ ಮುಂದೆ ಒಂದು ನಿರ್ಣಯ ಬರುತ್ತದೆ. ಅಧ್ಯಕ್ಷರು “ಒಪ್ಪುವವರು ಹೌದು ಅನ್ನಿ, ಒಪ್ಪದವರು ಇಲ್ಲ ಅನ್ನಿ” ಎನ್ನುತ್ತಾರೆ. ಯಾವ ಕೂಗು ದೊಡ್ಡದೋ ಅದು ಗೆದ್ದಂತೆ. ಕೈ ಎಣಿಸುವುದಿಲ್ಲ, ಹೆಸರು ಕೂಗುವುದಿಲ್ಲ. ನಡವಳಿಯಲ್ಲಿ ‘ಧ್ವನಿಮತದಿಂದ ಅಂಗೀಕರಿಸಲಾಯಿತು’ ಎಂದು ಒಂದು ಸಾಲು ಬೀಳುತ್ತದೆ. ಆದರೆ ಒಬ್ಬನೇ ಒಬ್ಬ ಸದಸ್ಯ ಎದ್ದು “ಎಣಿಕೆ ಆಗಲಿ” ಎಂದರೆ ಆ ಕೂಗು ಲೆಕ್ಕಕ್ಕಿಲ್ಲ. ಆಗ ಪ್ರತಿಯೊಬ್ಬರೂ ತಮ್ಮ ಸರದಿ ಬಂದಾಗ ಬಾಯಿ ಬಿಟ್ಟು ಹೌದೋ ಇಲ್ಲವೋ ಹೇಳಲೇಬೇಕು. ಹಳೆಯ ನಡವಳಿಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಅಂತೆ ಮೇಡಂ ನೋಡಿದರು: ಎಣಿಕೆ ಕೇಳಿದವರು ಇಲ್ಲವೆನ್ನುವಷ್ಟು ಕಡಿಮೆ. ನನ್ನೊಡನೆ ಟೀ ಕುಡಿಯುವಾಗ ಅವರು ಮೆಲ್ಲಗೆ ಇನ್ನೊಂದು ಗುಟ್ಟು ಬಿಟ್ಟರು. ಅಧ್ಯಕ್ಷರು ಕೇಳಿದಾಗ ಎಷ್ಟೋ ಸಲ ಯಾರೂ ಹೌದು ಎನ್ನುವುದಿಲ್ಲ, ಇಲ್ಲ ಎಂದೂ ಎನ್ನುವುದಿಲ್ಲ. ಕಾಗದ ಮಡಿಸುತ್ತಾರೆ, ಆಕಳಿಸುತ್ತಾರೆ, ಊಟದ ಹೊತ್ತಾಯಿತೇ ಎಂದು ಗಡಿಯಾರ ನೋಡುತ್ತಾರೆ. ಅಧ್ಯಕ್ಷರು “ಸರಿ, ಮುಂದಿನದು” ಎನ್ನುತ್ತಾರೆ. ಇವರು ‘ಧ್ವನಿಮತದಿಂದ’ ಎಂದು ಬರೆಯುತ್ತಾರೆ. ಮೌನಂ ಸಮ್ಮತಿ ಲಕ್ಷಣಂ ಎಂದು ಹಿರಿಯರೇ ಹೇಳಿದ್ದಾರಲ್ಲ ಎಂದೆ ನಾನು. “ಹೌದಂತೆ” ಎಂದರು ಅವರು. ಆ ಅಂತೆಯಲ್ಲಿ ಮೊದಲ ಬಾರಿಗೆ ಒಂದು ಅನುಮಾನ ಕೇಳಿಸಿತು.

ಪ್ರಬಂಧ ಬೆಳೆಯಿತು. ಅಧ್ಯಾಯಗಳು ಅಚ್ಚುಕಟ್ಟಾಗಿ ಬಂದವು. ಉಪಸಂಹಾರ ಮಾತ್ರ ಬರಲಿಲ್ಲ; ಬಂದದ್ದನ್ನು ಆದರೆ ಸಾರ್ ಹಿಂದಕ್ಕೆ ಕಳಿಸುತ್ತಲೇ ಇದ್ದರು. ಅದರಲ್ಲಿ ಎಲ್ಲರ ಅಭಿಪ್ರಾಯಗಳೂ ಇದ್ದವು, ಉದ್ಧರಣ ಚಿಹ್ನೆಗಳ ನಡುವೆ ಒಬ್ಬರನ್ನೊಬ್ಬರು ತಳ್ಳಾಡುತ್ತಾ. ಇವರದೆಂದು ಹೇಳಬಹುದಾದದ್ದು ಅರ್ಧವಿರಾಮಗಳು ಮಾತ್ರ. ಅಡಿಗೆಯಲ್ಲಿ ಮುಳುಗಿದ್ದರೂ ಸೌಟಿಗೆ ರುಚಿ ತಿಳಿಯದು ಎಂದು ನಾನು ತಮಾಷೆಗೆ ಅಂದೆ. ಅವರು ಆ ಮಾತಿಗೆ ನಗಲಿಲ್ಲ. ಹಾಸ್ಯ ಎಲ್ಲಿ ತಾಗಿತೋ ಎಂದು ನನಗೆ ಕಸಿವಿಸಿಯಾಗಿ, ಟೀಗೆ ನಾನೇ ಕಾಸು ಕೊಟ್ಟೆ.

ಇಷ್ಟರಲ್ಲಿ ಅವರ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು.

ಅಂತೆ ಮೇಡಂ ಮದುವೆಯಾದವರಲ್ಲ. ಅಣ್ಣನ ಮನೆಯಲ್ಲಿ, ಅಮ್ಮನ ಕೋಣೆಯಲ್ಲಿಯೇ ಒಂದು ಮಂಚ ಹಾಕಿಕೊಂಡು ಇದ್ದವರು. ಅಣ್ಣನದು ಔಷಧದ ಅಂಗಡಿ, ಅತ್ತಿಗೆ ಶಾಲೆಯೊಂದರಲ್ಲಿ ಗುಮಾಸ್ತೆ, ಅವರ ಮಗಳು ಓದು ಮುಗಿಸಿ ಕೆಲಸ ಹುಡುಕುತ್ತಿದ್ದಳು. ಒಳ್ಳೆಯ ಜನ. ನಾನು ಆ ಮನೆಗೆ ಪುಸ್ತಕ ಹಿಂತಿರುಗಿಸಲು ಹೋದ ದಿನ ಅವರೆಲ್ಲ ನಡುಮನೆಯಲ್ಲಿ ಕೂತಿದ್ದರು. ಒಳಗಿನ ಕೋಣೆಯಿಂದ ಅಮ್ಮನ ನರಳಾಟ ಕೇಳುತ್ತಿತ್ತು. ಹಗಲಿಗೆ ದಾದಿಯೊಬ್ಬಳು ಸಿಕ್ಕಿದ್ದಾಳೆ, ಸಂಜೆಗೆ ಯಾರು ಎಂಬುದು ಪ್ರಶ್ನೆ. ಅಣ್ಣನಿಗೆ ಸಂಜೆಯೇ ವ್ಯಾಪಾರ. ನನಗೂ ಒಂದು ಕುರ್ಚಿ ಹಾಕಿ ಅವರು ಮಾತು ಮುಂದುವರಿಸಿದರು.

“ನೋಡಮ್ಮಾ, ಸಂಜೆ ಕ್ಲಾಸು ಬಿಟ್ರೆ ಆಯ್ತಲ್ಲ” ಎಂದರು ಅಣ್ಣ, ತಂಗಿಯ ಕಡೆ ತಿರುಗಿ. “ಈ ವಯಸ್ಸಲ್ಲಿ ಎಂ.ಎ. ತಗೊಂಡು ಯಾವ ಸಿಂಹಾಸನ ಏರಬೇಕು? ಮುಂದೆ ಯಾವಾಗಾದ್ರೂ ಮಾಡುವಿಯಂತೆ. ಏನು?”

ಅತ್ತಿಗೆ ತಟ್ಟೆಯಲ್ಲಿದ್ದ ಬಿಸ್ಕತ್ತುಗಳನ್ನು ಸಾಲಾಗಿ ಜೋಡಿಸಿದರು. ಮಗಳು ಉಗುರು ನೋಡಿಕೊಂಡಳು. ಅಂತೆ ಮೇಡಂ ಅವರ ತೋರುಬೆರಳು ಮೊಣಕಾಲಿನ ಮೇಲೆ ಅಣ್ಣನ ಮಾತನ್ನು ಬರೆದು ಮುಗಿಸಿ ನಿಂತಿತು. ಯಾರೂ ಏನೂ ಅನ್ನಲಿಲ್ಲ.

“ಸರಿ ಹಾಗಾದ್ರೆ. ಎಲ್ಲರಿಗೂ ಒಪ್ಪಿಗೆ” ಎಂದು ಅಣ್ಣ ಮೊಣಕಾಲು ತಟ್ಟಿಕೊಂಡು ಎದ್ದರು. ಎದ್ದವರ ಮುಖದಲ್ಲಿ ಮೋಸವಿರಲಿಲ್ಲ. ಎಲ್ಲರೂ ಒಪ್ಪಿದ್ದಾರೆಂದೇ ಅವರು ಪ್ರಾಮಾಣಿಕವಾಗಿ ನಂಬಿದ್ದರು. ನನ್ನನ್ನು ಬೀಳ್ಕೊಡಲು ಬಾಗಿಲವರೆಗೆ ಬಂದ ಅಂತೆ ಮೇಡಂ, ಪುಸ್ತಕವನ್ನು ಎದೆಗೆ ಒತ್ತಿಕೊಂಡು, ಹೊರಗಿನ ಬೀದಿಯ ಕಡೆ ನೋಡುತ್ತ ಹೇಳಿದರು: “ನೋಡಿದ್ರಾ ಮೇಷ್ಟ್ರೇ? ಧ್ವನಿಮತ.”

ನಾನು ಚಪ್ಪಲಿ ಮೆಟ್ಟಿಕೊಂಡು ಬಂದೆ. ಆಮೇಲೆ ಹಲವು ದಿನ ಅವರ ಬೆಂಚು ಖಾಲಿ ಇತ್ತು. ಪ್ರಬಂಧ ಒಪ್ಪಿಸುವ ಕೊನೆಯ ದಿನ ಹತ್ತಿರ ಬರುತ್ತಿತ್ತು; ಈ ಬಾರಿ ತಪ್ಪಿದರೆ ಎರಡು ವರ್ಷದ ಓದು ನೀರಿನಲ್ಲಿ ಹೋಮ ಮಾಡಿದ ಹಾಗೆ. ಹಾಜರಿ ಕೂಗುವಾಗ ನಾವು ಅಭ್ಯಾಸದಂತೆ ಹಿಂದಕ್ಕೆ ತಿರುಗಿ ನೋಡುತ್ತಿದ್ದೆವು, ಅವರು ಸದ್ದಿಲ್ಲದೆ ಬಂದು ಕೂತಿರಬಹುದೆಂದು. ಆದರೆ ಸಾರ್ ಕೂಡ ಅಂತೆ ಮೇಡಂ ಅವರ ಹೆಸರು ಕೂಗಿದ ಮೇಲೆ ಒಂದು ಕ್ಷಣ ಹೆಚ್ಚಾಗಿಯೇ ಕಾಯುತ್ತಿದ್ದರು.

ಮುಂದಿನದು ನಾನು ಕಣ್ಣಾರೆ ಕಂಡದ್ದಲ್ಲ, ಅವರ ಅತ್ತಿಗೆ ಆಮೇಲೆ ಹೇಳಿದ್ದು. ಆದ್ದರಿಂದ ಅಂತೆಯನ್ನು ನಾನೇ ಕೈಗಡ ತರಬೇಕಾಗಿದೆ. ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಅಮ್ಮನ ಕೋಣೆಯಲ್ಲಿ ಮಂಚದ ಸುತ್ತ ಕೂತು ಊಟ ಮಾಡುತ್ತಿದ್ದರಂತೆ. ಅಣ್ಣ ಯಾವುದೋ ಮಾತಿಗೆ, “ಇವಳು ಓದು ಬಿಟ್ಟಿದ್ದು ಎಷ್ಟು ಒಳ್ಳೇದಾಯ್ತು, ಎಲ್ಲ ಸೇರಿ ತೀರ್ಮಾನ ಮಾಡಿದ್ವಲ್ಲ” ಎಂದರಂತೆ. ಅಂತೆ ಮೇಡಂ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ, ತೀರ ಮೆಲ್ಲಗೆ, “ಎಣಿಕೆ ಆಗಲಿ” ಎಂದರಂತೆ. ಯಾರಿಗೂ ಅರ್ಥವಾಗಲಿಲ್ಲವಂತೆ. ಅಣ್ಣ ನಕ್ಕು, ಇದೇನು ನಗರಸಭೆಯಾ ಎಂದರಂತೆ. ಇವರು ನಗದೆ, ಒಬ್ಬೊಬ್ಬರೂ ಬಾಯಿ ಬಿಟ್ಟು ಹೇಳಬೇಕು, ನಾನು ಓದಬೇಕೋ ಬಿಡಬೇಕೋ, ಸುಮ್ಮನಿದ್ದರೆ ಲೆಕ್ಕಕ್ಕಿಲ್ಲ ಎಂದು ಹಟ ಹಿಡಿದರಂತೆ.

“ಬಿಡು ಅಂತಲೇ ನನ್ನ ಮಾತು” ಎಂದರಂತೆ ಅಣ್ಣ, ಸ್ವಲ್ಪ ಬಿಗುವಾಗಿ. ಮಗಳು ಅಪ್ಪನ ಮುಖ ನೋಡಿ, ತಟ್ಟೆ ನೋಡಿ, “ಅತ್ತೆ ಓದಲಿ” ಎಂದಳಂತೆ. ಅತ್ತಿಗೆಯ ಸರದಿ ಬಂತು. “ನನ್ನನ್ನ ಅವತ್ತು ಯಾರೂ ಕೇಳಲಿಲ್ಲ ಮೇಷ್ಟ್ರೇ” ಎಂದು ಆಕೆ ನನಗೆ ಹೇಳುವಾಗಲೂ ಮುಖ ಕೆಂಪಾಗಿತ್ತು. “ಕೇಳಿದ್ರೆ ಅವತ್ತೇ ಹೇಳ್ತಿದ್ದೆ. ನಾನು ಕೂಡ ಮದುವೆ ಆಗೋವಾಗ ಅರ್ಧಕ್ಕೆ ಬಿಟ್ಟವಳು. ಓದಲಿ ಅಂದೆ. ವಾರಕ್ಕೆ ಮೂರು ಸಂಜೆ ನಾನಿರ್ತೀನಿ ಅಂದೆ.” ಅಲ್ಲಿಗೆ ಗೆದ್ದ ಹಾಗಾಯಿತು ಎಂದು ಎಲ್ಲರೂ ಅಂದುಕೊಂಡಾಗ, ಮಂಚದ ಮೇಲಿನಿಂದ ಅಮ್ಮ ಮಾತನಾಡಿದರಂತೆ.

“ನನ್ನನ್ನೂ ಕೇಳಬೇಕಲ್ಲ. ಅವಳು ಮನೇಲಿರಲಿ. ಸಂಜೆ ಆದ್ರೆ ನನಗೆ ಭಯ ಆಗತ್ತೆ. ಅವಳಿದ್ರೆ ಭಯ ಆಗಲ್ಲ.”

ಎರಡಕ್ಕೆ ಎರಡು. ಸಭೆಯ ವರದಿಗಾರ್ತಿಗೆ ಮತವಿಲ್ಲ. ಆ ಕೋಣೆಯಲ್ಲಿ ಇವರೂ ಅದನ್ನೇ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಅಮ್ಮನ ಕಣ್ಣು ಮಗಳ ಮೇಲೆ ನೆಟ್ಟಿತ್ತಂತೆ. ಅಂತೆ ಮೇಡಂ ಎದ್ದು, ಅಮ್ಮನ ಹೊದಿಕೆ ಸರಿಮಾಡಿ, ಅಲ್ಲೇ ನಿಂತು, “ನಾನು ಓದ್ತೀನಿ” ಎಂದರಂತೆ. ಅಷ್ಟೇ. ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡರಂತೆ.

ಮರುದಿನ ಅವರು ತರಗತಿಗೆ ಬಂದಾಗ ನಮಗೆ ಹೆಜ್ಜೆಯ ಸದ್ದು ಕೇಳಿಸಿತು. ಗೆದ್ದವರ ಹಾಗೆ ಕಾಣುತ್ತಿರಲಿಲ್ಲ. ಕಣ್ಣು ಊದಿತ್ತು. ಅಮ್ಮ ಮಗಳ ಕೈಯಿಂದ ನೀರನ್ನೂ ಮುಟ್ಟುತ್ತಿಲ್ಲ, ಅತ್ತಿಗೆಯ ಕೈಯಿಂದಲೇ ಕುಡಿಯುತ್ತಾರೆ ಎಂದು ಹೇಳಿ, “ಸಂಕಟ ಆಗ್ತಿದೆ ಮೇಷ್ಟ್ರೇ” ಎಂದರು. ನನ್ನ ವ್ಯಾಕರಣದ ಕಿವಿ ಬಾಲವಿಲ್ಲದ ಆ ವಾಕ್ಯವನ್ನು ಹಿಡಿಯಿತು. ಹಿಡಿದದ್ದಕ್ಕೆ ನನ್ನ ಮೇಲೆ ನನಗೇ ಬೇಸರವಾಯಿತು, ಎದುರಿಗೆ ಅಳುವವರಿದ್ದಾಗ ಪ್ರತ್ಯಯ ಎಣಿಸುತ್ತಾರೆಯೆ! ಒಂದು ವಾರದಲ್ಲಿ ಉಪಸಂಹಾರ ಬಂತು. ಅದು ಒಂದೇ ಪುಟವಿತ್ತು. ನಾನು ಅದನ್ನು ಓದಿದ್ದೇನೆ. ಅದರ ನಡುವಿನ ಸಾಲುಗಳು ಹೀಗಿದ್ದವು: ಧ್ವನಿಮತವೆಂದು ದಾಖಲಾದ ಬಹುಪಾಲು ನಿರ್ಣಯಗಳಲ್ಲಿ ಧ್ವನಿ ಇರಲಿಲ್ಲ, ಇದ್ದದ್ದು ಮೌನ. ಆ ಮೌನವನ್ನು ಒಪ್ಪಿಗೆಯೆಂದು ಬರೆದವರಲ್ಲಿ ನಾನೂ ಒಬ್ಬಳು. ಮೌನದಲ್ಲಿ ಭಯವಿರಬಹುದು, ದಣಿವಿರಬಹುದು, ಯಾರೂ ಕೇಳಲಿಲ್ಲವೆಂಬ ಮುನಿಸಿರಬಹುದು. ಇವನ್ನೆಲ್ಲ ಒಂದೇ ಪದದಲ್ಲಿ ಕಟ್ಟುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಆಡಳಿತದಲ್ಲಿ ನುರಿತವರು, ದಪ್ಪ ಕಂಠದವರು. ಪ್ರಬಂಧವನ್ನು ಮೇಜಿನ ಮೇಲೆ ತಿರುವಿ ಹಾಕಿ ಒಂದು ಬಲವಾದ ಪ್ರಶ್ನೆಯನ್ನೇ ಹಾಕಿದರು: ಪ್ರತಿಯೊಂದಕ್ಕೂ ಎಣಿಕೆ ಮಾಡುತ್ತ ಕೂತರೆ ಬೀದಿಯ ಒಂದು ದೀಪವಾದರೂ ಹತ್ತೀತೆ? ಊರು ನಡೆಯಬೇಕಾದರೆ ಎಷ್ಟೋ ಮೌನಗಳನ್ನು ಒಪ್ಪಿಗೆಯೆಂದು ಎಣಿಸಲೇಬೇಕಲ್ಲ? ಸಹಪಾಠಿಗಳಾಗಿ ಹಿಂದೆ ಕೂತಿದ್ದ ನಾವು ಕುರ್ಚಿಯ ಅಂಚಿಗೆ ಸರಿದೆವು. ಅಂತೆ ಮೇಡಂ ಕೋಟಿನ ಮೇಲಿನ ಗುಂಡಿಯನ್ನು ಬಿಚ್ಚಿದರು, ಹಾಕಿದರು.

“ನೀವು ಹೇಳೋದು ನಿಜ, ಸಾರ್. ಎಲ್ಲಕ್ಕೂ ಎಣಿಕೆ ಆಗಲ್ಲ. ಎಣಿಕೆ ಕೇಳಿದ್ರೆ ಒಬ್ಬರಿಗಾದ್ರೂ ನೋವಾಗತ್ತೆ, ಅದೂ ನನಗೆ ಗೊತ್ತು. ಆದರೆ...”

ಆದರೆ ಎಂದು ಅವರು ಅಂದದ್ದೇ ನಮ್ಮ ಪ್ರಾಧ್ಯಾಪಕರು ತಲೆ ತಗ್ಗಿಸಿ ಕನ್ನಡಕ ಒರೆಸತೊಡಗಿದರು. “ಆದರೆ, ಯಾವ ವಿಷಯದಿಂದ ಒಬ್ಬರ ಬದುಕೇ ಬದಲಾಗತ್ತೋ, ಅದಕ್ಕಾದ್ರೂ ಅವರನ್ನ ಹೆಸರು ಹಿಡಿದು ಕೇಳಬೇಕು. ಅಷ್ಟು ಹೊತ್ತು ಸಭೆಗೆ ಇರಬೇಕು.” ಪರೀಕ್ಷಕರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ, ವಾದ ಇನ್ನೂ ಸ್ವಲ್ಪ ನಡೆಯಿತು, ಇವರು ಒಂದೆರಡು ಕಡೆ ತಡವರಿಸಿದರು. ಎರಡನೆಯ ದರ್ಜೆಯಲ್ಲಿ ಪಾಸಾದರು. ನನಗೆ ಅವರಿಗಿಂತ ಎರಡು ಅಂಕ ಹೆಚ್ಚು ಬಂತು; ಆ ಸಾಮ್ರಾಜ್ಯದ ಪತನ ಈಗ ನನಗೆ ಒಂದಕ್ಷರವೂ ನೆನಪಿಲ್ಲ.

ಅಮ್ಮ ಕೋಲು ಹಿಡಿದು ಓಡಾಡುವಂತಾದರು. ಮುನಿಸು ಮಾತ್ರ ಮೂಳೆಗಿಂತ ನಿಧಾನವಾಗಿ ಕೂಡಿತು. ಮನೆಗೆ ಯಾರೇ ಬರಲಿ, ಮಗಳನ್ನು ತೋರಿಸಿ “ಇವಳು ನನ್ನ ವಿರುದ್ಧ ಓಟು ಹಾಕಿದವಳು” ಎಂದು ಆಕೆ ದೂರುತ್ತಿದ್ದರು. ಅಂತೆ ಮೇಡಂ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದರು. ಪದವಿ ಬಂದು ಬಹಳ ಕಾಲವಾದ ಮೇಲೆ ನಾನು ಹೋದಾಗಲೂ ಆ ಮುದುಕಿ ಅದನ್ನೇ ಹೇಳಿದರು, ಅದೇ ಪದಗಳು, ಅದೇ ಕ್ರಮ. ಆದರೆ ಈ ಸಲ ನನ್ನ ಮುಖದಲ್ಲಿ ಮೆಚ್ಚುಗೆ ಮೂಡಿತೋ ಇಲ್ಲವೋ ಎಂದು ಕಾದು ನೋಡಿದರು. ಮೂಡಿದ್ದು ಕಂಡು, ಮಗಳ ಕೈಯಿಂದ ಮಾತ್ರೆ ಇಸಿದುಕೊಂಡು ನುಂಗಿದರು.

ಇಂಥವರು ಎಲ್ಲ ಮನೆಗಳಲ್ಲಿಯೂ ಎಲ್ಲ ಕಚೇರಿಗಳಲ್ಲಿಯೂ ಇದ್ದಾರೆ: ಇತರರ ಮಾತನ್ನು ಹೊತ್ತು ತಿರುಗುವವರು, ಒಬ್ಬರದನ್ನು ಇನ್ನೊಬ್ಬರಿಗೆ ಮುಟ್ಟಿಸುವವರು, ಕರಡು ಬರೆಯುವವರು, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಯಾರು ಏನು ಕೇಳಿದರೂ ತಲೆಯಾಡಿಸುವವರು. ಅವರನ್ನು ನಾವು ಒಳ್ಳೆಯವರೆಂದು ಹೊಗಳುತ್ತೇವೆ, ಯಾವುದಕ್ಕೂ ಅಡ್ಡ ಬಾರದವರೆಂದು ಮೆಚ್ಚುತ್ತೇವೆ. ಅವರ ಮೌನಕ್ಕೆ ನಮಗೆ ಅನುಕೂಲವಾದ ಅರ್ಥವನ್ನು ಬರೆದುಕೊಂಡು ಮುಂದಿನ ವಿಷಯಕ್ಕೆ ಹೋಗುತ್ತೇವೆ. ಅವರಿಗೆ ಅಭಿಪ್ರಾಯವೇ ಇಲ್ಲವೆಂದು ನಾವು ನಂಬಿರುವುದು ಅವರ ಸ್ವಭಾವದಿಂದಲ್ಲ, ನಮ್ಮ ಸೋಮಾರಿತನದಿಂದ. ಕೇಳಿದರೆ ಅವರು ಹೇಳುತ್ತಾರೆ. ಹೇಳುವಾಗ ತಮಗೆ ಬೇಕಾದವರನ್ನೇ ನೋಯಿಸಬೇಕಾಗಿ ಬಂದರೆ, ನೋಯಿಸಿ, ಅವರಿಗಿಂತ ಹೆಚ್ಚು ತಾವೇ ನೊಂದು, ಮರುದಿನ ಮತ್ತೆ ಅವರ ಹೊದಿಕೆ ಸರಿಮಾಡುತ್ತಾರೆ. ಅವರಿಗೆ ಧೈರ್ಯ ಸಾಲದೆಂದು ನಾನು ಬಹಳ ದಿನ ತಿಳಿದಿದ್ದೆ. ಧೈರ್ಯ ಬೇಕಾದದ್ದು ಕೇಳುವವರಿಗೆ. ಬರುವ ಉತ್ತರ ನಮ್ಮ ಪರವಾಗಿಯೇ ಇರಬೇಕೆಂದು ಯಾವ ನಿಯಮವೂ ಇಲ್ಲ.